ಎದುರು ಮನೆಗೆ ಬಂದ ಅತಿಥಿ

ಸರೋಜಳ ಮಗಳಿಗೆ ಕ್ಷಯ ಇದೆಯೆಂದು ಸಂಗೀತದ ಟೀಚರಿಗೆ ಹೇಳಿದವಳು ನಾನು. ಆಟೋ ನಜೀರ್ ಅಲ್ಲ. ಒಂಬತ್ತು ವರ್ಷಗಳಿಂದ ಮಧುಗಿರಿಯ ನಮ್ಮ ಬೀದಿಯಲ್ಲಿ ಎಲ್ಲರೂ ಅವನೇ ಹೇಳಿದ್ದೆಂದು ನಂಬಿದ್ದಾರೆ. ನಂಬಿದರೆ ನಂಬಲಿ ಎಂದು ಸುಮ್ಮನಿದ್ದವಳೂ ನಾನೇ.

ಬಾಯಿತಪ್ಪಿ ಬಂದ ಮಾತಲ್ಲ ಅದು. ಇದನ್ನು ಮೊದಲೇ ಬರೆದುಬಿಡಬೇಕು — ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನನ್ನ ಕೈ ನನ್ನ ಕಡೆಗೇ ವಾಲೀತು. ಒಬ್ಬ ಅತಿಥಿ ನಮ್ಮ ಮನೆಯಲ್ಲಿ ಉಳಿಯಲಿ ಎಂಬ ಆಸೆಗೆ, ತಿಳಿದೂ ತಿಳಿದೂ ಹೇಳಿದೆ.

ಆ ಬೇಸಿಗೆ ಬೆಟ್ಟದ ಕೆಳಗಿನ ಮೈದಾನದಲ್ಲಿ ಐದು ದಿನದ ಸಂಗೀತೋತ್ಸವ. ನಮ್ಮೂರಿಗೆ ಅಂಥದ್ದು ಹೊಸದು. ಇದ್ದದ್ದು ಬೆರಳೆಣಿಕೆಯ ಲಾಡ್ಜುಗಳು. ಸುದ್ದಿ ಹಬ್ಬುತ್ತಲೇ ದರ ಏರಿಸಿಕೊಂಡವು, ಏರಿಸಿದ ಮೇಲೂ ತುಂಬಿಹೋದವು. ಪಾವಗಡದ ಕಡೆಯಿಂದ ಸಂಸಾರ ಸಮೇತ ಬರುವವರು, ಕಲಿಯುವ ಮಕ್ಕಳು, ಪಕ್ಕವಾದ್ಯದವರು — ಇವರೆಲ್ಲ ಎಲ್ಲಿ ಮಲಗಬೇಕು? ಸಮಿತಿಯವರು ಮನೆಮನೆಗೆ ಬಂದು ಕೇಳಿಕೊಂಡರು. ಒಂದು ಕೋಣೆ, ಒಂದು ಬಚ್ಚಲು, ಎರಡು ಹೊತ್ತಿನ ಊಟ. ಬಡವರಿಗೂ ಎಟುಕುವ ದರಕ್ಕೆ ಕೊಟ್ಟರೆ ಊರಿನ ಮಾನ ಉಳಿಯುತ್ತದೆ ಎಂದರು. ಹೋಂಸ್ಟೇ ಎಂಬ ಪದ ನಮ್ಮ ಬೀದಿಗೆ ಬಂದದ್ದು ಹಾಗೆ.

ನಾನು ಎಲ್ಲರಿಗಿಂತ ಮೊದಲು ಹೆಸರು ಬರೆಸಿದೆ. ಮಹಡಿಯ ಮೇಲೆ ಶೀಟು ಹೊದಿಸಿದ ಹೊಸ ಕೋಣೆ ಇತ್ತು, ಮಂಚ ಇತ್ತು, ಫ್ಯಾನಿತ್ತು. ನೋಡಲು ಎರಡು ಸಂಸಾರ ಬಂದವು. ಒಳಗೆ ಕಾಲಿಟ್ಟ ಹೆಂಗಸೊಬ್ಬಳು "ಅಯ್ಯೋ, ರೊಟ್ಟಿ ಹಂಚು ಇದ್ದಂಗೈತಲ್ಲಮ್ಮ" ಎಂದು ಮೂಗಿನ ಮೇಲಿನ ಬೆವರು ಒರೆಸಿಕೊಂಡು ಇಳಿದೇಹೋದಳು. ಬೀದಿಯವರು ನಕ್ಕರು. ನಾನೂ ನಕ್ಕೆ. ಆದರೆ ಆ ನಗು ನನ್ನೊಳಗೆ ಎಲ್ಲೋ ಮುರಿದುಕೊಂಡು ನಿಂತಿತು.

ಎದುರು ಮನೆ ಸರೋಜಳದು. ಹಿಟ್ಟಿನ ಗಿರಣಿ ನಡೆಸುವವಳು. ಲಾರಿ ಓಡಿಸುವ ಗಂಡ ವಾರಕ್ಕೊಮ್ಮೆ ಬಂದರೆ ಬಂದ. ಮದುವೆಯಾಗಿ ಈ ಬೀದಿಗೆ ಬಂದ ದಿನದಿಂದ ನನ್ನನ್ನು ಅಕ್ಕ ಎಂದೇ ಕರೆದವಳು. ಅವಳದು ಕಲ್ಲುಚಪ್ಪಡಿಯ ಹಳೆಯ ಮನೆ, ಏಪ್ರಿಲ್ಲಿನಲ್ಲೂ ನೆಲ ತಣ್ಣಗೆ. ಸಮಿತಿಯ ಹುಡುಗಿ ಒಂದು ಸುತ್ತು ಹಾಕಿ ಅಲ್ಲೇ ಹೇಳಿದಳು — ಮೈಸೂರಿನಿಂದ ವಿಶಾಲಾಕ್ಷಮ್ಮ ಅಂತ ಹಿರಿಯ ಗಾಯಕಿ ಬರ್ತಾರೆ, ಇಬ್ಬರು ಶಿಷ್ಯೆಯರ ಜೊತೆ. ಹೋಟೆಲು ಬೇಡ, ಯಾರದಾದರೂ ಮನೆ ಸಾಕು ಅಂದಿದ್ದಾರೆ. ಅವರಿಗೆ ಇದೇ ಸರಿ.

ಆ ವಿಶಾಲಾಕ್ಷಮ್ಮ ಪ್ರತಿವರ್ಷ ಒಬ್ಬಿಬ್ಬರು ಹೆಣ್ಣುಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸುತ್ತಾರೆಂದು ತಿಳಿದ ಮೇಲೆ ಸರೋಜಳ ಕಾಲು ನೆಲಕ್ಕೆ ತಾಗಲಿಲ್ಲ. ಅವಳ ಮಗಳು ಮಂಗಳ ಆಗ ಹದಿನೇಳರ ಹುಡುಗಿ. ಭಜನೆಯಿಂದ, ಫೋನಿನಿಂದ, ಸಿಕ್ಕಸಿಕ್ಕಲ್ಲಿಂದ ಕಲಿತು ಹಾಡುತ್ತಿದ್ದಳು. ಅವಳು ಹಾಡಿದರೆ ಗಿರಣಿಗೆ ಬಂದವರು ಹಿಟ್ಟು ತುಂಬಿಸಿಕೊಂಡ ಮೇಲೂ ನಿಂತಿರುತ್ತಿದ್ದರು.

"ಅಕ್ಕ, ನಾವಾಗಿ ಏನೂ ಕೇಳಾಕೋಗಲ್ಲ ಕಣಕ್ಕ. ಬೆಳಗ್ಗೆ ಇವ್ಳು ಹಾಡ್ಕತಾಳಲ್ಲ, ಅದು ಅವ್ರ ಕಿವಿಗೆ ಬಿದ್ರೆ ಸಾಕು. ಹಣೇಲಿದ್ರೆ ಅವ್ರೇ ಕೇಳ್ತಾರೆ" ಎಂದಳು ಸರೋಜ.

ಮೂರು ವಾರ ಸುಣ್ಣ ಬಳಿದಳು, ಕಿಟಕಿ ಉಜ್ಜಿದಳು. ಸೊಳ್ಳೆಪರದೆ ಕೇಳಿದಳು, ಕೊಟ್ಟೆ. ಕೊಡುವಾಗ — ಬರೆಯಲು ನಾಚಿಕೆಯಾಗುತ್ತದೆ — ಅದರಲ್ಲೊಂದು ತೂತಿದ್ದರೆ ಚೆನ್ನಾಗಿತ್ತು ಎನಿಸಿತ್ತು.

ಈಗ ಆ ಕಾಯಿಲೆಯ ವಿಷಯ. ಅದಕ್ಕೆ ಎರಡು ವರ್ಷ ಮೊದಲು ಮಂಗಳಳಿಗೆ ಕ್ಷಯ ತಗುಲಿತ್ತು. ಊರಲ್ಲಿ ಗೊತ್ತಾದರೆ ಹುಡುಗಿಯ ಬಾಳು ಏನಾದೀತೆಂದು ಸರೋಜ ಹೆದರಿ, ಶಿರಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಜೊತೆಗೆ ಹೋಗುತ್ತಿದ್ದವಳು ನಾನು. ಆಟೋ ನಜೀರನದು, ಅವನು ಶಿರಾದವನೇ, ದುಡಿಮೆಗೆ ಮಧುಗಿರಿಗೆ ಬಂದವನು. ಮನೆಯವರು ಬಿಟ್ಟರೆ ಗುಟ್ಟು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಆರು ತಿಂಗಳ ಮಾತ್ರೆ ಮುಗಿದ ದಿನ ಡಾಕ್ಟರು, "ಪೂರ್ತಿ ವಾಸಿಯಾಗಿದೆ. ಓಡಲಿ, ಹಾಡಲಿ, ಏನು ಬೇಕಾದರೂ ಮಾಡಲಿ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸರೋಜ ಆಸ್ಪತ್ರೆಯ ಮೆಟ್ಟಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತಿದ್ದಳು. ಎಲ್ಲವೂ ಗೊತ್ತಿತ್ತು ನನಗೆ. ಎಲ್ಲವೂ.

ಉತ್ಸವದ ಹಿಂದಿನ ದಿನ ಮಧ್ಯಾಹ್ನ ನಜೀರ್ ಬಸ್ ಸ್ಟ್ಯಾಂಡಿನಿಂದ ವಿಶಾಲಾಕ್ಷಮ್ಮನನ್ನೂ ಶಿಷ್ಯೆಯರನ್ನೂ ಕರೆತಂದ. ಸಂಜೆ ಬರಬೇಕಾದವರು ಮೊದಲೇ ಬಂದಿದ್ದರು. ಸರೋಜ ಗಿರಣಿಯಲ್ಲಿ, ಮಂಗಳ ಹೂವು ತರಲು ಹೋಗಿದ್ದಳು, ಬಾಗಿಲಿಗೆ ಬೀಗ. ನಜೀರ್ ಚೀಲಗಳನ್ನು ನಮ್ಮ ಜಗಲಿಯ ನೆರಳಿಗಿಟ್ಟು, "ಅಮ್ಮಾ, ಇವ್ರಿಗೆ ನೀರು ಕೊಡ್ತಾ ಇರಿ. ನಾ ಹೋಗಿ ಸರೋಜಮ್ಮನ್ನ ಜಲ್ದಿ ಕರ್ಕಂಬತ್ತೀನಿ" ಎಂದು ಆಟೋ ತಿರುಗಿಸಿದ.

ಮಜ್ಜಿಗೆ ಕೊಟ್ಟೆ. ವಿಶಾಲಾಕ್ಷಮ್ಮ ಎಪ್ಪತ್ತರ ಹತ್ತಿರದವರು, ತೆಳ್ಳಗೆ, ಮೆಲುಮಾತಿನವರು. "ಎಷ್ಟು ಹದವಾಗಿದೆಯಮ್ಮ" ಎಂದು ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟೇ. ಇಂಥವರು ನಮ್ಮ ಮನೆಯಲ್ಲಿ ಉಳಿಯಬೇಕಿತ್ತು, ನಾಳೆ ನಮ್ಮ ಬಾಗಿಲಿಂದ ಹೊರಟು ವೇದಿಕೆ ಹತ್ತಬೇಕಿತ್ತು. ಗಿರಣಿ ದೂರವಿಲ್ಲ. ಹೇಳುವುದಾದರೆ ಈಗ. ಇನ್ನೆರಡು ನಿಮಿಷಕ್ಕೆ ಆಟೋ ಶಬ್ದ ಕೇಳುತ್ತದೆ.

"ಹೇಳ್ಬಾರ್ದು. ಆದ್ರೂ ನೀವು ಗಂಟಲು ನಂಬ್ಕಂಡು ಬದುಕೋರು" ಎಂದೆ. "ಆ ಮನೆ ಹುಡುಗೀಗೆ ಕ್ಷಯ ಐತೆ."

ಐತೆ ಎಂದೆ. ಇತ್ತು ಎನ್ನಲಿಲ್ಲ.

ಶಿಷ್ಯೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವಳು, "ಅಮ್ಮ, ನಿಮಗೆ ಈಗಾಗಲೇ ಉಬ್ಬಸ..." ಎಂದು ತಡೆದಳು. ಆಟೋ ತಿರುವಿನಲ್ಲಿ ಕಾಣಿಸುವಷ್ಟರಲ್ಲಿ ಚೀಲಗಳು ನಮ್ಮ ಮನೆಯೊಳಗಿದ್ದವು. ಮಹಡಿಯ ಕಾವಿಗೆ ಅವರನ್ನು ಕಳಿಸಲಿಲ್ಲ, ನಮ್ಮದೇ ಕೋಣೆ ಬಿಟ್ಟುಕೊಟ್ಟೆ. ಸರೋಜ ಕೈಗೆ ಮೆತ್ತಿದ ಹಿಟ್ಟಿನಲ್ಲೇ ಓಡಿಬಂದಳು. "ದಣಿದವ್ರೆ ಕಣೆ, ಇಲ್ಲೇ ಇರ್ತೀವಿ ಅಂತ ಅವ್ರೇ ಅಂದ್ರು" ಎಂದೆ. ಅವಳು ಕಿಟಕಿಯತ್ತ ನೋಡಿದಳು, ನನ್ನತ್ತ ನೋಡಿದಳು. "ಹೋಗ್ಲಿ ಬುಡಕ್ಕ, ನಿಮ್ಮನೆ ಬ್ಯಾರೆನಾ" ಎಂದು, ಅವರಿಗಾಗಿ ಮಾಡಿಟ್ಟಿದ್ದ ಒಬ್ಬಟ್ಟನ್ನು ತಂದು ಕೊಟ್ಟುಹೋದಳು.

ಆ ಐದು ದಿನ ನಾನು ಬಾಗಿಲು ಕಾದೆ. ಸರೋಜ ಬಂದರೆ ಮೇಡಂ ಮಲಗಿದ್ದಾರೆ ಎಂದೆ, ಮಂಗಳ ಬಂದರೆ ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಅಡುಗೆಮನೆಯಲ್ಲಿದ್ದರೂ ಕಿವಿ ಬೀದಿಯಲ್ಲೇ. ಮೂರನೆಯ ಬೆಳಗ್ಗೆ ಮಂಗಳ ಹಾಡಿದಳು. ಬೇಕೆಂದೇ ಬಾಗಿಲು ತೆರೆದಿಟ್ಟು ಹಾಡಿದಳೆಂದು ಈಗ ಅನಿಸುತ್ತದೆ. ಕಾಫಿ ಹಿಡಿದು ಒಳಗೆ ಹೋದರೆ ವಿಶಾಲಾಕ್ಷಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಯಾರಮ್ಮ ಅದು? ಆ ಮಗುವನ್ನು ಸ್ವಲ್ಪ ಕರೆಯಿರಿ."

ಅಲ್ಲಿ ನನಗೆ ಇನ್ನೊಂದು ಅವಕಾಶವಿತ್ತು. ಕಾಫಿ ಲೋಟ ಇಟ್ಟು ಬೀದಿ ದಾಟಿದ್ದರೆ — ಹತ್ತು ಹೆಜ್ಜೆ.

"ಅದೇ ಹುಡುಗಿ ಕಣಮ್ಮ. ಹಾಡಿದ್ರೆ ರಕ್ತ ಬತ್ತದೆ ಅಂತ ಡಾಕ್ಟ್ರು ಹೇಳವ್ರೆ. ಕೇಳಲ್ಲ. ನೀವು ಆಸೆ ಹುಟ್ಟುಸ್ಬ್ಯಾಡಿ."

ಅವರು ಕಿಟಕಿ ಮುಚ್ಚಿದರು. ಸಿಟ್ಟಿನಿಂದಲ್ಲ. ಕೇಳಲಾರದೆ.

ಹೊರಡುವ ದಿನ ಹಿರಿಯ ಶಿಷ್ಯೆ ಆಟೋ ಹತ್ತುವ ಮುನ್ನ ಮಂಗಳಳ ಕೈಹಿಡಿದು, "ನಿನ್ನ ಎದೆಯ ಕಾಯಿಲೆ ನಮಗೆ ಗೊತ್ತಾಯಿತು. ನಮ್ಮ ಗುರುಗಳೇ ಹೇಳಿದರು, ಹಾಡಬೇಡ, ಮೊದಲು ಜೀವ ನೋಡಿಕೋ ಅಂತ" ಎಂದಳಂತೆ. ಅಂತಃಕರಣದಿಂದ ಹೇಳಿದ ಮಾತು. ಆ ಮಾತಿನ ಹಿಂದೆಯೇ ಸರೋಜ ನಮ್ಮ ಮನೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಈ ಇಸ್ಯ ಗೊತ್ತಿದ್ದೋರು ನೀನು, ಆ ನಜೀರ. ನೀನು ಸತ್ರೂ ಹೇಳಲ್ಲ. ಅವನೇ ಅಲ್ವಾ? ಕರ್ಕಂಡ್ ಬರ್ವಾಗ ಆಟೋದಾಗೆ ಬಾಯ್ಬುಟ್ಟವ್ನೆ. ಅಲ್ವಾ?"

ನಾನು, "ಇರಬೌದು" ಎಂದೆ.

ನಾಲ್ಕಕ್ಷರ. ಅದರ ಹಿಂದೆ ಹೇಳಿದ ಎರಡೂ ಮಾತಿಗಿಂತ ಇದೇ ಹೆಚ್ಚು ಸುಡುತ್ತದೆ.

ಅವಳು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ತಡೆಯುವವಳಂತೆ ಹಿಂದೆಯೇ ಹೋದೆ. "ಲೇ ನಜೀರ, ನಿನ್ನ ನಂಬಿ ಆಸ್ಪತ್ರೆಗೆ ಕರ್ಕೊಂಡೋದ್ನಲ್ಲೋ! ನನ್ನ ಮಗೀಗೆ ಕ್ಷಯ ಅಂತ ಸಾರಿಬುಟ್ಟೆಯಲ್ಲೋ!" — ಕೋಪದಲ್ಲಿ ಅವಳೇ ಅದನ್ನು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿಬಿಟ್ಟಳು. ಎರಡು ವರ್ಷ ಮುಚ್ಚಿಟ್ಟದ್ದು ಒಂದು ಗಳಿಗೆಯಲ್ಲಿ ಬಯಲಾಯಿತು.

"ಅಲ್ಲಾ ಕಸಮ್ ಅಮ್ಮಾ, ಒಂದ್ ಮಾತೂ ಆಡಿಲ್ಲ ನಾನು. ಮಂಗ್ಳಾ ನನ್ ಬೇಟಿ ಇದ್ದಂಗೆ" ಎಂದ ನಜೀರ್. ಎಂದವನು ಅವಳ ಭುಜದಾಚೆ ನನ್ನನ್ನು ನೋಡಿದ. ಅಂದು ಜಗಲಿಯಲ್ಲಿ ತಾನು ಅತಿಥಿಗಳನ್ನು ಯಾರ ಜೊತೆ ಬಿಟ್ಟುಹೋಗಿದ್ದನೆಂದು ಅವನಿಗೆ ನೆನಪಾಗಿರಬೇಕು. ನಾನು ಸೆರಗು ಸರಿಮಾಡಿಕೊಂಡೆ. ಅವನು ಬಾಯಿ ಮುಚ್ಚಿದ.

ಆಮೇಲೆ ಅವನ ಆಟೋ ಹತ್ತುವವರಿಲ್ಲದಾದರು. ಮನೆಗುಟ್ಟು ಹೊರಹಾಕುವವನು ಎಂಬ ಹೆಸರು ಅಂಟಿತು. ಮಳೆಗಾಲ ಮುಗಿಯುವ ಮುನ್ನ ಅವನು ಸಂಸಾರ ಕಟ್ಟಿಕೊಂಡು ಶಿರಾಕ್ಕೆ ಮರಳಿದ. ಮಂಗಳ ಒಮ್ಮೆ ಕೆಮ್ಮಿದರೂ ಗಿರಣಿಯಲ್ಲಿದ್ದವರು ಸರಿದು ನಿಲ್ಲುತ್ತಿದ್ದರು. ಅವಳು ಹಾಡು ಬಿಟ್ಟಳು; ಓದು ಮುಗಿಸಿ, ಪಾವಗಡದ ಬಳಿ ಸೋಲಾರ್ ಕಂಪನಿಯೊಂದರಲ್ಲಿ ಕೆಲಸ ಹಿಡಿದು ಹೊರಟುಹೋದಳು. ವಿಶಾಲಾಕ್ಷಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಉಳಿದ ಮನೆ ಎಂದು ನಮ್ಮ ಮನೆಗೆ ಒಳ್ಳೆಯ ಹೆಸರು ಬಂದಿತ್ತು — ಉತ್ಸವ ಬಂದಾಗಲೆಲ್ಲ ಸಮಿತಿಯ ಪಟ್ಟಿಯಲ್ಲಿ ಮೊದಲನೆಯದು ನಮ್ಮದೇ.

ಕಳೆದ ವಾರ ಕನ್ನಡಕ ಮಾಡಿಸಲು ಶಿರಾಕ್ಕೆ ಹೋಗಿದ್ದೆ. ಕೈಯೊಡ್ಡಿ ನಿಲ್ಲಿಸಿದ ಆಟೋ ನಜೀರನದು. ಗಡ್ಡ ನರೆತಿತ್ತು. ಹತ್ತದೆ ಹೋಗಬಹುದಿತ್ತು, ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ಅವನೇ ಕೇಳಿದ: "ಮಂಗ್ಳಾ ಹೆಂಗವ್ಳೆ ಅಮ್ಮಾ? ಇನ್ನೂ ಹಾಡ್ತಾಳಾ?"

ತನ್ನ ಬಗ್ಗೆ ಒಂದು ಮಾತಿಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವನು ಆಟೋವನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ.

"ಅವತ್ತೇ ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ ನಜೀರ್?"

"ಹೇಳಿದ್ರೆ? ನಿಮ್ ಮಾತು ಬಿಟ್ಟು ನನ್ ಮಾತು ಯಾರ್ ನಂಬ್ತಿದ್ರು?" ಎಂದ. ಕ್ಷಮಿಸು ಎಂದು ಶುರುಮಾಡಿದೆ. ಅವನು ಕೈ ಎತ್ತಿದ. "ಮಾಫಿ ನಂಗ್ ಬ್ಯಾಡ ಅಮ್ಮಾ. ಆ ಹುಡುಗಿಗೆ ಹೇಳಿ."

ಕನ್ನಡಕದ ಅಂಗಡಿಗೆ ಹೋಗಲೇ ಇಲ್ಲ. ಬಸ್ಸಿಳಿದು ನೇರ ಗಿರಣಿಗೆ ಹೋದೆ. ಯಂತ್ರ ಓಡುತ್ತಿತ್ತು. ಹೇಳಲು ಶುರುಮಾಡಿದೆ, ಕೇಳಿಸಲಿಲ್ಲ, ಸರೋಜ ನಗುತ್ತಲೇ ಸ್ವಿಚ್ ಆರಿಸಿ, "ಏನಕ್ಕ?" ಎಂದಳು. ಆ ನಿಶ್ಶಬ್ದದಲ್ಲಿ ಹೇಳಬೇಕಾಯಿತು — ಜಗಲಿಯ ಮಾತು, ಕಿಟಕಿಯ ಮಾತು, ಆ ಇರಬೌದು.

ಅವಳು ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಕೈ ಒರೆಸಿಕೊಂಡು ಫೋನ್ ತೆಗೆದು ನಂಬರು ಒತ್ತಿ ನನ್ನ ಮುಂದೆ ಹಿಡಿದಳು.

"ಅವ್ಳಿಗೇಳು."

ಹೇಳಿದೆ. ಮಂಗಳ ಕೇಳಿದಳು.

"ಅವ್ರು ನನ್ ಹಾಡು ಕೇಳಿದ್ರಾ ಆಂಟಿ?"

"ಕೇಳಿದ್ರು."

"ಏನಂದ್ರು?"

ಸುಳ್ಳು ಹೇಳಿದ್ದರೆ ಅವಳಿಗೆ ನೋವು ಕಡಿಮೆಯಾಗುತ್ತಿತ್ತೇನೋ. ಗೊತ್ತಿಲ್ಲ. ಅವಳ ವಿಷಯದಲ್ಲಿ ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ. "ಯಾರದು, ಆ ಮಗೂನ ಕರೀರಿ ಅಂದ್ರು" ಎಂದೆ.

ಅವಳು ಅತ್ತಳೋ ಇಲ್ಲವೋ ತಿಳಿಯದು. ಫೋನ್ ಇಟ್ಟುಬಿಟ್ಟಳು.

ಸರೋಜ ನನ್ನ ಕಡೆ ನೋಡದೆ ಹೇಳಿದಳು: "ಭಾನುವಾರ ನಜೀರನ್ನ ಕರುಸ್ತೀನಿ. ಅವನ ಕಾಲಿಗೆ ಬೀಳೋದು ನನ್ನ ಪಾಡು. ನೀನು ಬಸ್ ಸ್ಟ್ಯಾಂಡಿಗೆ ಬಾ. ನಾನು ಕೂಗಾಡಿದ ಜಾಗದಾಗೆ, ಅಷ್ಟೇ ಗಟ್ಟಿಯಾಗಿ ಹೇಳು." ಅಕ್ಕ ಎನ್ನಲಿಲ್ಲ. ಯಂತ್ರ ಹಾಕಿದಳು.

ಊರಲ್ಲಿ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ ಬೇಡವೆನ್ನುತ್ತಾರೆ. ಬೀದಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ, ಅಂಗಡಿಗೆ ಯಾರು ಬರುತ್ತಾರೆ, ಸತ್ತ ಮಾತನ್ನು ಯಾಕೆ ಎಬ್ಬಿಸುತ್ತೀಯ ಎನ್ನುತ್ತಾರೆ. ಮತ್ತೆ ಪಟ್ಟಿ ಹಿಡಿದು ಬಂದ ಸಮಿತಿಯವರಿಗೆ ನಮ್ಮ ಮನೆಯ ಹೆಸರು ತೆಗೆದುಬಿಡಿ ಎಂದಿದ್ದೇನೆ. ಇದರಿಂದ ಮಂಗಳಳಿಗೆ ಏನೂ ಮರಳಿ ಸಿಗುವುದಿಲ್ಲ. ಗೊತ್ತಿದೆ.

ಭಾನುವಾರ ಹತ್ತು ಗಂಟೆಗೆ ಸ್ಟ್ಯಾಂಡಿನಲ್ಲಿ ಸಂತೆಗೆ ಹೋಗುವವರು, ಆಟೋದವರು, ನಮ್ಮ ಬೀದಿಯವರು ಎಲ್ಲ ಇರುತ್ತಾರೆ. ಹೋಗುತ್ತೇನೆ.