ಪೀಪಾಯಿ ಎತ್ತಿದ ಸಾಹೇಬ

ರಾಚವ್ವನ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಗಂಡ ಯಲಗೂರಪ್ಪ ಕಳ್ಳಭಟ್ಟಿ ಕುಡಿದು ಬಂದು ಕುರಿ ಕಾಯುವ ಬಡಿಗೆಯಿಂದ ಹೊಡೆದಿದ್ದ. ಮುರಿದ ಕೈಗೆ ಸೆರಗಿನ ತುಂಡು ಸುತ್ತಿಕೊಂಡು ಆಕೆ ಮರುದಿನ ರೊಟ್ಟಿ ಬಡಿದಿದ್ದಳು. ಪಾನನಿಷೇಧ ಜಾರಿಯಲ್ಲಿದ್ದ ಕಾಲ. ಸರಕಾರ ಸೆರೆ, ಅಂದರೆ ಸಾರಾಯಿ, ಮಾರುವ ಅಂಗಡಿಗಳನ್ನು ಮುಚ್ಚಿಸಿತ್ತು; ಅವರ ಊರು ಹೊನವಾಡದ ಹಳ್ಳದ ದಂಡೆಯ ಭಟ್ಟಿಗಳು ಮುಚ್ಚಿರಲಿಲ್ಲ. ಒಂದು ಸಂಜೆ ಯಲಗೂರಪ್ಪ ಕುಡಿದು ಹಾಳು ಬಾವಿಗೆ ಬಿದ್ದು ಸತ್ತ.

೧೯೫೭ರಲ್ಲಿ ಮಗ ಸಿದ್ದರಾಯ ಕುಸ್ತಿ ಕಲಿಯಲು ವಿಜಾಪುರಕ್ಕೆ ಹೊರಟಾಗ ರಾಚವ್ವ ಅವನನ್ನು ಬೀರಪ್ಪನ ಗುಡಿಗೆ ಕರೆದೊಯ್ದು ಭಂಡಾರದ ಮೇಲೆ ಕೈ ಇಡಿಸಿದಳು. ದೇವರ ಆ ಅರಿಶಿನದ ಪುಡಿ ಮುಟ್ಟಿ ಆಡಿದ ಮಾತಿಗೆ ತಪ್ಪಿದವನಿಗೆ ಅವರಲ್ಲಿ ಮನೆಯವರೂ ನೀರು ಕೊಡುವುದಿಲ್ಲ.

“ಸೆರಿ ಮುಟ್ಟೂದಿಲ್ಲ ಅನ್ನು.”

“ಮುಟ್ಟೂದಿಲ್ಲ.”

“ಸೆರಿ ಮಾರೋ ಮನಿ ಹೊಸ್ತಲಾ ತುಳಿಯೂದಿಲ್ಲ ಅನ್ನು.”

“ಕುಸ್ತಿ ಆಡಾಂವ ಅಲ್ಲಿಗ್ಯಾಕ ಹೋಗ್ತಾನ ಬೇ?”

“ಅನ್ನು ಅಂದ್ರ ಅನ್ನಲೇ!”

ಅಂದ.

ಉಸ್ತಾದ ಲಾಡಲೇಸಾಬನ ತಾಲೀಮು, ಅಂದರೆ ಗರಡಿ, ಕೋಟೆಗೋಡೆಗೆ ಆತುಕೊಂಡಿದ್ದ ಒಂದು ಉದ್ದನೆಯ ಕೋಣೆ. ನಡುವೆ ಕೆಂಪು ಮಣ್ಣಿನ ಕಣ, ಒಳಗಿನ ಗೋಡೆಯಲ್ಲಿ ಮಾರುತಿಯ ಪಟ. ಬಾಗಿಲ ಮೇಲೆ ಒಂದು ದಪ್ಪ ತಗಡು. ನೀಲಿ ಎನಾಮಲ್ಲಿನ ಮೇಲೆ ಬರಿಮೈಯ, ತಿರುಚು ಮೀಸೆಯ ಬಿಳಿಯನೊಬ್ಬ ಕಟ್ಟಿಗೆಯ ಪೀಪಾಯಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಕೆಳಗೆ ಹಳದಿ ಬಣ್ಣದಲ್ಲಿ ಎರಡು ಸಾಲು ಇಂಗ್ಲಿಷ್. ಲಾಡಲೇಸಾಬ ಹರೆಯದಲ್ಲಿ ಊರ ಹೊರಗಿನ ಸಾಹೇಬರ ಕ್ಲಬ್ಬಿನಲ್ಲಿ ಬೇರರ್ ಆಗಿದ್ದ. ಸಾಹೇಬರು ದೇಶ ಬಿಟ್ಟು ಹೋದಾಗ ಕಸದಲ್ಲಿ ಬಿದ್ದಿದ್ದ ಈ ತಗಡನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದಿದ್ದ.

ಒಳಗೆ ಬರುವ ಪೈಲವಾನರು ಹೊಸ್ತಿಲು ಮುಟ್ಟಿ ಮೊದಲು ಈ ಸಾಹೇಬನಿಗೆ, ಆಮೇಲೆ ಮಾರುತಿಗೆ ನಮಸ್ಕರಿಸುತ್ತಿದ್ದರು. ಅವನನ್ನು ವಿಲಾಯತಿ ಉಸ್ತಾದ ಎನ್ನುತ್ತಿದ್ದರು. ಯಾವುದೋ ದೇಶದ ದೊಡ್ಡ ಪೈಲವಾನ ಎಂದು ಎಲ್ಲರೂ ನಂಬಿದ್ದರು. ಲಾಡಲೇಸಾಬ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಕೋಲಿನಿಂದ ಚಿತ್ರದ ಪಾದ ತೋರಿಸಿ, “ತಲಿ ಮ್ಯಾಲೆ ಅಷ್ಟು ವಜ್ಜಿ ಇದ್ರೂ ಬಿದ್ದಿಲ್ಲ, ಯಾಕ? ವಜ್ಜಿ ಎರಡೂ ಪಾದದ ನಡುವ ನಿಂತದ. ಹಂಗ ನಿಲ್ರಿ” ಅನ್ನುತ್ತಿದ್ದ. ಹಾಗೆ ನಿಲ್ಲದವನ ಮೊಣಕಾಲ ಕೆಳಗೆ ಅದೇ ಕೋಲು ಬೀಳುತ್ತಿತ್ತು.

ಸಿದ್ದರಾಯ ಬೇಗ ಕಲಿತ. ಆದರೆ ಅವನ ಕುಸ್ತಿಯಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದ ಮೇಲೂ ಅವನ ಕುತ್ತಿಗೆಯ ಮೇಲೆ ಮೊಣಕೈ ಊರಿ ಅರೆಯುತ್ತಿದ್ದ. ಕೆಳಗಿದ್ದವನ ಬಾಯಲ್ಲಿ ನೊರೆ ಬರುತ್ತಿತ್ತು.

“ಚಿತ್ ಆದ ಮ್ಯಾಲೆ ಬಿಡಬೇಕಲೇ,” ಎಂದು ಲಾಡಲೇಸಾಬ ಕೂದಲು ಹಿಡಿದು ಎಬ್ಬಿಸುತ್ತಿದ್ದ. “ಅಂವಾ ನಿನ್ನ ವೈರಿ ಅಲ್ಲ.”

“ಮರತೆ ಉಸ್ತಾದ್ರ” ಎನ್ನುತ್ತಿದ್ದ ಸಿದ್ದರಾಯ. ಪ್ರತಿ ಸಲವೂ ಮರೆಯುತ್ತಿದ್ದ.

೧೯೬೨ರಲ್ಲಿ ಬಬಲೇಶ್ವರದಲ್ಲಿ ಅವನಿಗೂ ಬೇರೆ ತಾಲೀಮಿನ ತುಕಾರಾಮನಿಗೂ ಕುಸ್ತಿ ನಿಗದಿಯಾಯಿತು. ಆ ವಾರ ಬಸಲಿಂಗಯ್ಯ ಎಂಬ ಕಾಲೇಜು ಹುಡುಗ ಬಿಸಿಲಿಗೆ ತಾಲೀಮಿನ ನೆರಳಿನಲ್ಲಿ ನಿಂತವನು ತಗಡಿನ ಸಾಲು ಓದಿದ. ಚಹಾದ ಅಂಗಡಿಗೆ ಹೋಗಿ ನಗುತ್ತ ಹೇಳಿದ: “ಅದು ಪೈಲವಾನನ ಚಿತ್ರ ಅಲ್ರಿ. ಏಲ್ ಅಂತ ವಿಲಾಯತಿ ಬಿಯರು, ಅದರ ಜಾಹೀರಾತು. ಇದನ್ನ ಕುಡಿದ್ರ ಹಿಂಗ ಗಟ್ಟಿ ಆಗ್ತೀರಿ ಅಂತ ಬರದಾರ. ಅವರ ದೇಶದಾಗ ಸೆರಿ ಅಂಗಡಿ ಬಾಗಲಿಗೆ ಇಂಥಾ ತಗಡು ಬಡೀತಾರ.” ಕೇಳಿದವರಲ್ಲಿ ತುಕಾರಾಮನ ಕಡೆಯವರಿದ್ದರು. ಸಿದ್ದರಾಯನಿಗೆ ಯಾರೂ ಹೇಳಲಿಲ್ಲ.

ಬಬಲೇಶ್ವರದ ಸಂತೆ ಬಯಲಿನಲ್ಲಿ ಇಬ್ಬರೂ ಕೈ ಕೂಡಿಸಿದಾಗ ತುಕಾರಾಮ ಮುಂದಿನ ಸಾಲಿನವರಿಗೆಲ್ಲ ಕೇಳುವಂತೆ ಅಂದ:

“ಬಾರಲೇ, ಸೆರಿ ಅಂಗಡಿ ಪೈಲವಾನ! ಬಾಗಲ ಮ್ಯಾಲೆ ಸೆರಿ ಬೋರ್ಡ್ ಹಾಕ್ಕೊಂಡು ದಿನಾ ಕೈ ಮುಗೀತೀರಂತಲ್ಲ? ನಿಮ್ಮಪ್ಪ ಬಾವ್ಯಾಗಿಂದ ಎದ್ದು ಬಂದ್ರ ಹೊನವಾಡಕ್ಕ ಹೋಗಾಂಗಿಲ್ಲ, ಸೀದಾ ನಿಮ್ಮ ತಾಲೀಮಿಗೇ ಬರ್ತಾನ!”

ಜನ ನಕ್ಕರು. ಸಿದ್ದರಾಯನಿಗೆ ಭಂಡಾರ ನೆನಪಾಯಿತು. ಸೆರೆ ಮಾರುವ ಮನೆಯ ಹೊಸ್ತಿಲು. ಅವನು ಅದನ್ನು ದಿನವೂ ತುಳಿದಿದ್ದ, ಅಷ್ಟೇ ಅಲ್ಲ, ಮುಟ್ಟಿ ಹಣೆಗೆ ಒತ್ತಿಕೊಂಡಿದ್ದ.

ತುಕಾರಾಮನನ್ನು ಅವನು ಸೊಂಟ ಹಿಡಿದು ಎತ್ತಿ ಕೆಡವಿದ. ಬೆನ್ನು ತಾಗಿತು, ಪಂಚರು ಸೀಟಿ ಊದಿದರು. ಸಿದ್ದರಾಯ ಬಿಡಲಿಲ್ಲ. ಕೆಳಗಿದ್ದವನ ಬಲಗೈ ಹಿಂದಕ್ಕೆ ತಿರುವಿ ಅದರ ಮೇಲೆ ಮೊಣಕಾಲು ಹಾಕಿ ಕೂತ. ಒಣ ಜೋಳದ ದಂಟು ಮುರಿದ ಸಪ್ಪಳ ಬಂತು. ತುಕಾರಾಮ ಕೂಗಿದ, ಸಿದ್ದರಾಯ ಇನ್ನೊಮ್ಮೆ ತಿರುವಿದ. ಆಮೇಲೆ ಕಲ್ಲು ಬಿದ್ದವು, ಬಡಿಗೆಗಳು ಎದ್ದವು. ಹುಬ್ಬು ಹರಿದು, ಮುಖದ ತುಂಬ ರಕ್ತ ಇಳಿಸಿಕೊಂಡು ಅವನು ಒಂದು ಜೀಪಿನ ಹಿಂದೆ ಜೋತುಬಿದ್ದು ವಿಜಾಪುರಕ್ಕೆ ಬಂದ.

ಲಾಡಲೇಸಾಬ ಹೊಸ್ತಿಲ ಮೇಲೆ ಕೂತು ಕಣದ ಮಣ್ಣಿಗೆ ಎಣ್ಣೆ ಕಲಸುತ್ತಿದ್ದ.

“ಉಸ್ತಾದ್ರ, ಇದು ಸೆರಿ ಬೋರ್ಡೇನು?”

“ಹೌದು. ಮೊದಲ ರಕ್ತ ತೊಳಕೋ.”

“ನಿಮಗ ಗೊತ್ತಿತ್ತಾ?”

“ಗೊತ್ತಿಲ್ಲದೇನು? ಇದೇ ಚಿತ್ರ ಬಾಟ್ಲಿ ಮ್ಯಾಲೂ ಇರತಿತ್ತು, ನಾನೇ ಬೂಚು ತಗದು ಹಾಕತಿದ್ನಿ. ಒಬ್ಬ ಸಾಹೇಬ ಕುಡದು ಮಗ್ಗಾ ಒಗದಾಗ ಇದು ಒಡದದ್ದು.” ಟೋಪಿ ಸರಿಸಿ ಹಣೆಯ ಹಳೆಯ ಗಾಯ ತೋರಿಸಿದ. “ಅಲ್ಲಿ ಕುಡಿಯೋ ಒಬ್ಬನರ ಇವನಂಗ ಇದ್ದಿಲ್ಲ. ಎಲ್ಲಾ ಹೊಟ್ಟಿ ಇಳಿಬಿದ್ದಾವು. ಇಂವಾ ಎತ್ತ್ಯಾನ, ಕುಡದಿಲ್ಲ. ಪೀಪಾಯಿ ಬಾಯಿ ಬಂದ್ ಅದ, ನೋಡಲ್ಲಿ.”

ಸಿದ್ದರಾಯ ನೋಡಲಿಲ್ಲ. ಕಣ ಅಗೆಯುವ ಹಾರೆ ಎತ್ತಿಕೊಂಡು ತಗಡಿನ ಮೇಲೆ ಬೀಸಿದ. ಎನಾಮಲ್ ಎಂದರೆ ಕಬ್ಬಿಣದ ಮೇಲೆ ಕಾಸಿ ಕೂರಿಸಿದ ಗಾಜು. ಹೊಡೆತಕ್ಕೆ ಕಬ್ಬಿಣ ಮಣಿಯುತ್ತದೆ, ಗಾಜು ಮಣಿಯುವುದಿಲ್ಲ, ಚೂರಾಗಿ ಹಾರುತ್ತದೆ. ಸಾಹೇಬನ ಮುಖ ಹೋಯಿತು, ಅಕ್ಷರ ಹೋದವು. “ಬಿಡಲೇ, ಸಾಕು!” ಎಂದು ಲಾಡಲೇಸಾಬ ಎದ್ದು ಅವನ ತೋಳಿಗೆ ಕೈ ಹಾಕಿದ. ಸಿದ್ದರಾಯ ಅವನನ್ನು ಕೊಡವಿ ಮತ್ತೆ ಬೀಸಿದ. ಒಂದು ಚೂರು ಉಸ್ತಾದನ ಬಲಗಣ್ಣಿಗೆ ಹೊಕ್ಕಿತು. ಅವನು ಕಣ್ಣಿಗೆ ಕೈ ಒತ್ತಿಕೊಂಡ. ಬೆರಳ ಸಂದಿಯಿಂದ ರಕ್ತ ಗಡ್ಡಕ್ಕೆ ಇಳಿದು, ಕಲಸಿಟ್ಟಿದ್ದ ಮಣ್ಣಿಗೆ ಬಿತ್ತು.

ಕಣ್ಣು ಉಳಿಯಲಿಲ್ಲ.

ಸುದ್ದಿ ಹೊನವಾಡಕ್ಕೆ ಮುಟ್ಟಿ ರಾಚವ್ವ ಬಸ್ಸು ಹತ್ತಿ ಬಂದಳು. ಸೆರಗಿನ ಗಂಟಿನಲ್ಲಿ ಭಂಡಾರ ಇತ್ತು. ಸಿದ್ದರಾಯ ತಾಲೀಮಿನ ಹೊರಗೆ ನಿಂತಿದ್ದ, ಅವತ್ತಿನಿಂದ ಒಳಗೆ ಕಾಲಿಟ್ಟಿರಲಿಲ್ಲ. ತಾಯಿ ತನ್ನನ್ನು ಕುಲದಿಂದ ಕಳೆಯಲು ಬಂದಿದ್ದಾಳೆಂದೇ ಅವನು ತಿಳಿದ.

“ಯವ್ವಾ, ಆಣಿ ಮುರದೇನಿ. ಸೆರಿ ಬೋರ್ಡಿನ ಬುಡಕ ದಿನಾ ಹೊಸ್ತಲಾ ತುಳದೇನಿ. ಖರೇನ ನನಗ ಗೊತ್ತಿದ್ದಿಲ್ಲ…”

ಆಕೆ ಧೂಳಲ್ಲಿ ಬಿದ್ದಿದ್ದ ತಗಡು ನೋಡಿದಳು, ಕಟ್ಟೆಯ ಮೇಲೆ ಕೂತಿದ್ದ ಲಾಡಲೇಸಾಬನ ಕಣ್ಣಿನ ಪಟ್ಟಿ ನೋಡಿದಳು. ಆಮೇಲೆ ಆ ಸೊಟ್ಟ ಕೈಯಿಂದಲೇ ಮಗನ ಕಪಾಳಕ್ಕೆ ಹೊಡೆದಳು. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಬಂದರೂ ನಿಲ್ಲಿಸಲಿಲ್ಲ.

“ನಿಮ್ಮಪ್ಪ ಕುಡದು ಬಡೀತಿದ್ದ. ನೀ ಕುಡೀದನ ಬಡದಿ. ಇನ್ನ ನಾ ಯಾವ ಅಂಗಡಿ ಬಂದ್ ಮಾಡಸಲಿ?”

ಆಕೆ ಕೈ ನೋವಿಗೆ ಮಣಿಕಟ್ಟು ಒತ್ತಿಕೊಳ್ಳುತ್ತ ಲಾಡಲೇಸಾಬನ ಕಡೆ ತಿರುಗಿದಳು.

“ಉಸ್ತಾದ್ರ, ಇವನ್ನ ಏನ್ ಮಾಡ್ತೀರಿ ಮಾಡ್ರಿ. ಮನಿಗೆ ಮಾತ್ರ ನಾ ಕರಕೊಂಡ ಹೋಗಾಂಗಿಲ್ಲ.”

“ಇಲ್ಲೇ ಇರಲಿ ಬಿಡವ್ವ,” ಎಂದ ಲಾಡಲೇಸಾಬ. “ಒಂದ ಕಣ್ಣಿಗೆ ಕಣದ ಅಂಚು ಸರಿ ಕಾಣವಲ್ದು. ಕಣ ಇಂವಾ ನೋಡ್ಕೊಳ್ಳಲಿ. ಮೊದಲ ಆ ತಗಡು ಮತ್ತ ಬಾಗಲ ಮ್ಯಾಲೆ ಹಾಕಲಿ.”

ರಾಚವ್ವ ಗಂಟು ಬಿಚ್ಚಿ ಭಂಡಾರ ಮುಂದೆ ಹಿಡಿದಳು. ಈ ಸಲ ಆಣೆ ಸೆರೆಯದಾಗಿರಲಿಲ್ಲ. ಸಿಟ್ಟಿನಲ್ಲಿ ಕೈ ಎತ್ತುವುದಿಲ್ಲ ಎಂದು ಅವನು ಹೇಳಿದ; ಹೇಳಲು ಹೊತ್ತು ಹಿಡಿಯಿತು.

ಸಿದ್ದರಾಯ ಮತ್ತೆ ಕುಸ್ತಿ ಆಡಲಿಲ್ಲ. ಉಸ್ತಾದನ ಬಲಗಡೆ ನಿಂತು ಕಣ ನೋಡಿಕೊಂಡ. ತುಕಾರಾಮನ ಕೈ ನೆಟ್ಟಗಾಗಲಿಲ್ಲ. ಎರಡು ವರ್ಷದ ಮೇಲೆ ಅವನ ತಮ್ಮ ಬಡಿಗೆ ಹಿಡಿದು ಬಂದು ತಾಲೀಮಿನ ಮುಂದೆಯೇ ಸಿದ್ದರಾಯನನ್ನು ಹೊಡೆದ. ಸಿದ್ದರಾಯ ಎರಡೂ ಕೈ ಬೆನ್ನ ಹಿಂದೆ ಹೆಣೆದುಕೊಂಡು ನಿಂತ. ಬಿಡಿಸಲು ಓಡಿಬಂದವರಿಗೆ “ಯಾರೂ ಬರಬ್ಯಾಡ್ರಿ” ಅಂದ. ಪಕ್ಕೆಲುಬು ಮುರಿದು ನೆಲಕ್ಕೆ ಬಿದ್ದಾಗಲೂ ಕೈ ಬಿಚ್ಚಲಿಲ್ಲ. ಹೊಡೆಯುತ್ತಿದ್ದವನೇ ಕೊನೆಗೆ ಬಡಿಗೆ ಒಗೆದು ಅಳುತ್ತ ಹೋದ. ಆ ಚಳಿಗಾಲ ರಾಚವ್ವ ಮಗನನ್ನು ಹೊನವಾಡಕ್ಕೆ ಊಟಕ್ಕೆ ಕರೆದಳು.

೧೯೬೭ರಲ್ಲಿ ಪಾನನಿಷೇಧ ಹೋಯಿತು. ಸ್ಟೇಶನ್ ಕಡೆ ಸೆರೆ ಅಂಗಡಿ ತೆರೆಯಲಿದ್ದ ಒಬ್ಬ, ತಗಡಿನ ಸುದ್ದಿ ಕೇಳಿ ಅದನ್ನು ಕೊಳ್ಳಲು ಬಂದ. ಕತ್ತು ಎತ್ತಿ ನೋಡಿದ. ತುಕ್ಕು ಹಿಡಿದ ಕಬ್ಬಿಣದ ಮಚ್ಚೆಗಳ ನಡುವೆ ಮುಚ್ಚಿದ ಪೀಪಾಯಿ ಇತ್ತು, ಕೆಳಗೆ ಎರಡು ಪಾದ.

“ಇದರಾಗ ಏನೂ ಉಳದೇ ಇಲ್ಲಲ್ರಿ, ಪೈಲವಾನ್ರ!”

“ಕಾಲ ಉಳದಾವಲ್ರಿ,” ಎಂದ ಸಿದ್ದರಾಯ.

ಒಳಗೆ ಯಾರದೋ ಬೆನ್ನು ಮಣ್ಣಿಗೆ ಬಿದ್ದ ಸದ್ದಾಯಿತು. ಮೇಲಿದ್ದವನು ಬಿಟ್ಟಿರಲಿಲ್ಲ. ಸಿದ್ದರಾಯ ಮಾತು ಬಿಟ್ಟು ಒಳಗೆ ಓಡಿ, ಒತ್ತುತ್ತಿದ್ದ ಮೊಣಕೈಗೂ ಕೆಳಗಿದ್ದವನ ಕುತ್ತಿಗೆಗೂ ನಡುವೆ ತನ್ನ ಅಂಗೈ ಇಟ್ಟ.