ಜನರಲ್ ಮನೆಯ ಮೊದಲ ಮೊಳೆ

ಹೆಸ್ಟರ್ ಹಾರ್ಟ್‌ನಲ್ ಮದುವೆಯಾದದ್ದು ಗೈಲ್ಸ್ ಎಂಬ ಸೆಕೆಂಡ್ ಲೆಫ್ಟಿನೆಂಟನನ್ನು. ಆ ಗೈಲ್ಸ್ ಆಮೇಲೆ ಕ್ಯಾಪ್ಟನ್ ಆದ, ಕರ್ನಲ್ ಆದ, ಕಡೆಗೆ ಮೇಜರ್ ಜನರಲ್ ಆಗಿ ನಿವೃತ್ತನಾದ. ಪತ್ರಿಕೆಯಲ್ಲಿ ಅವನ ಬಗ್ಗೆ ಅರ್ಧ ಕಾಲಂ ಬಂತು. ಜರ್ಮನಿ, ಅಲ್‌ಸ್ಟರ್, ಸೈಪ್ರಸ್, ಎದೆ ತುಂಬ ಪದಕ. ಆ ಊರುಗಳಲ್ಲೆಲ್ಲ ಒಲೆ ತಿಕ್ಕಿದವರು ಯಾರು ಅನ್ನುವುದು ಮಾತ್ರ ಅದರಲ್ಲಿರಲಿಲ್ಲ. ಎಲ್ಲಿಂದ ಇರಬೇಕು, ಪಾಪ!

ಸೇನೆಯ ಮನೆ ಖಾಲಿ ಮಾಡುವ ದಿನ ವಸತಿ ಅಧಿಕಾರಿ ಬಂದು ಬಾಗಿಲ ಚೌಕಟ್ಟಿನ ಮೇಲೆ, ಒಲೆಯ ಒಳಗೆ ಬೆರಳಾಡಿಸುತ್ತಾನೆ. ಧೂಳೋ ಜಿಡ್ಡೋ ಸಿಕ್ಕರೆ ಮುಖ ಗಂಟಿಕ್ಕುತ್ತಾನೆ, ಗೋಡೆಯಲ್ಲಿ ತೂತು ಸಿಕ್ಕರೆ ದಂಡ ಹಾಕುತ್ತಾನೆ. ಜರ್ಮನಿಯಲ್ಲಿ ಹೆಸ್ಟರ್ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಒಂದು ಮೊಳೆಯ ತೂತಿಗೆ ಟೂತ್‌ಪೇಸ್ಟ್ ಮೆತ್ತಿ ನಯಮಾಡಿದ್ದಳು. ಅಧಿಕಾರಿ ಗೋಡೆಗೆ ಮೂಗು ತಾಗಿಸಿ ಮೂಸಿದ.

"ಮೇಡಂ, ನಿಮ್ಮ ಗೋಡೆ ಬೆಳಿಗ್ಗೇನೇ ಹಲ್ಲುಜ್ಜಿದೆ!"

ಗೈಲ್ಸನ ಕಿವಿ ಕೆಂಪಾಯಿತು. ಆಮೇಲೆ ಎಲ್ಲಿಗೆ ಹೋದರೂ ಅವರು ಮೊಳೆ ಹೊಡೆಯಲಿಲ್ಲ. ಪಟಗಳನ್ನೆಲ್ಲ ನೆಲದ ಮೇಲೆ ಗೋಡೆಗೆ ಒರಗಿಸಿಡುವುದೇ ರೂಢಿಯಾಯಿತು.

ನಿವೃತ್ತಿಯ ನಂತರ ವಿಲ್ಟ್‌ಶೈರಿನ ಹಳ್ಳಿಯಲ್ಲಿ ಸ್ವಂತ ಮನೆ ಕೊಂಡರು. ಒಂದು ದಿನ ಪಕ್ಕದ ಮನೆಯ ಡೋರೀನ್ ಟೀ ಕುಡಿಯುತ್ತ ಕೇಳಿಯೇಬಿಟ್ಟಳು:

"ಅಲ್ಲ ಕಣೇ, ನೀವು ಬಂದು ಎರಡು ಚಳಿಗಾಲ ಕಳೀತು. ಈ ಪಟಗಳು ಇನ್ನೂ ಬಸ್ಸಿಗೆ ಕಾಯೋರ ಥರ ಕೂತಿವೆಯಲ್ಲ?"

ಹೆಸ್ಟರ್ ನಕ್ಕಳು. ಡೋರೀನ್ ಹೋದ ಮೇಲೆ ಆ ನಗು ನಿಲ್ಲಲಿಲ್ಲ, ಅಳುವಾಯಿತು. ಹೌದಲ್ಲ, ತಾನು ಈಗಲೂ ಪ್ರತಿ ತಿಂಗಳು ಒಲೆ ತಿಕ್ಕುವುದು ಯಾರು ಬಂದು ನೋಡಲಿ ಅಂತ? ಸ್ವಂತ ಮನೆಯಲ್ಲೂ ತಾನು ವರ್ಗಾವಣೆಗೇ ಕಾಯುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು.

ಅದೇ ವಾರ ಫೋನ್ ಬಂತು. ಉತ್ತರದ ಒಂದು ಹಳೆಯ ಕೋಟೆಗೆ ಮುಖ್ಯಸ್ಥರು ಬೇಕಾಗಿದ್ದರು. ಗೈಲ್ಸನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅವನು ರಿಸೀವರಿಗೆ ಕೈ ಅಡ್ಡ ಹಿಡಿದ.

"ಮೂರೇ ವರ್ಷ ಕಣೇ ಹೆಸ್ಟರ್. ಕೋಟೆ ಒಳಗೇ ಮನೆ ಕೊಡ್ತಾರಂತೆ!"

"ಯಾರ ಮನೆ?"

"ಯಾರದು ಅಂದ್ರೆ? ಸರ್ಕಾರದ್ದು."

ಇಂಥ ಪ್ರತಿ ಸುದ್ದಿಗೂ 'ಸರಿ' ಅಂದು ಪೆಟ್ಟಿಗೆ ತೆಗೆದವಳು ಈ ಸಲ ಶೆಡ್ಡಿಗೆ ಹೋಗಿ ಸುತ್ತಿಗೆ ತಂದಳು. ನಡುಮನೆಯ ಗೋಡೆಗೆ ಹೆಬ್ಬೆರಳುದ್ದದ ಮೊಳೆಯಿಟ್ಟು ಬಾರಿಸಿದಳು.

"ಏಯ್ ಹೆಸ್ಟರ್! ಗೋಡೆ! ಖಾಲಿ ಮಾಡುವಾಗ ದಂಡ ಹಾಕ್ತಾರೆ!"

"ಯಾರು ಕಣೋ ಹಾಕೋದು?"

ಗೋಡೆಯುದ್ದಕ್ಕೂ ನೆಲದಲ್ಲಿ ಕೂತ ಪಟಗಳನ್ನು ಗೈಲ್ಸ್ ಒಂದೊಂದಾಗಿ ನೋಡಿದ.

"ನೀನು ಹೋಗೋದಾದ್ರೆ ಹೋಗು," ಹೆಸ್ಟರ್ ಸುತ್ತಿಗೆ ಕೆಳಗಿಟ್ಟಳು. "ಇನ್ನೊಬ್ಬರ ಒಲೆ ತಿಕ್ಕೋದು ನನ್ನಿಂದಾಗಲ್ಲ. ಸಾಕಾಗಿದೆ ಕಣೋ ನಂಗೆ."

ಫೋನಿನೊಳಗೆ "ಜನರಲ್? ಕೇಳಿಸ್ತಿದೆಯಾ?" ಎನ್ನುತ್ತಿತ್ತು ದನಿ. ಗೈಲ್ಸ್ ರಿಸೀವರನ್ನು ಹೆಗಲಿಗೆ ಅವುಚಿಕೊಂಡು, ನೋಯುವ ಮಂಡಿ ಬಗ್ಗಿಸಿ, ತಮ್ಮ ಮದುವೆಯ ಪಟವನ್ನು ಎತ್ತಿ ಮೊಳೆಗೆ ಸಿಕ್ಕಿಸಿದ. ಸೊಟ್ಟಗಿತ್ತು. ಸರಿಮಾಡಿದ.

"ಕ್ಷಮಿಸಿ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದ ಫೋನಿಗೆ. "ನಾವು ಈಗ ತಾನೇ ಮನೆಗೆ ಬಂದಿದ್ದೀವಿ."