ವೀರೇಶನ ಲೆನ್ಸು

ಇಂಥದ್ದನ್ನೆಲ್ಲ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಾಶಿಗೆ ಬಂದುಹೋಗುವ ನಮ್ಮ ಕಡೆಯವರ ಬಳಿ ಒಂದಲ್ಲ ಒಂದು ಪವಾಡ ಇದ್ದೇ ಇರುತ್ತದೆ. ಗಂಗೆಯಲ್ಲಿ ಮುಳುಗಿದಾಗ ಯಾರೋ ಹೆಸರು ಹಿಡಿದು ಕರೆದರಂತೆ, ವಿಶ್ವನಾಥ ಗಲ್ಲಿಯಲ್ಲಿ ದಾರಿ ತಪ್ಪಿದಾಗ ಬಿಳಿ ಗಡ್ಡದವನೊಬ್ಬ ದಾರಿ ತೋರಿಸಿ ಮಾಯವಾದನಂತೆ. ಆ ಗಲ್ಲಿಯಲ್ಲಿ ಬಿಳಿ ಗಡ್ಡಕ್ಕೇನು ಬರ, ಮಾಯವಾಗಲು ಒಂದು ತಿರುವು ಸಾಕಲ್ಲ ಎಂದು ನಾನು ನಗುತ್ತಿದ್ದೆ. ಇಲ್ಲಿನ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ನನಗೆ ಕೆಲಸ. ಉಪಕರಣಗಳು ಕೈಕೊಟ್ಟಾಗ ಕಾರಣ ಹುಡುಕುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತದೆ. ಕಾರಣ ಸಿಗಲಿಲ್ಲವೆಂದರೆ ಹುಡುಕಿದ್ದು ಸಾಲದು ಎಂದೇ ನಂಬಿದವಳು ನಾನು. ಈಗಲೂ ಹಾಗೆಯೇ ನಂಬಿಕೊಂಡಿರಬೇಕೆಂಬ ಆಸೆ. ಕೆಲವು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ಮಾತ್ರ ಅದಕ್ಕೆ ಅಡ್ಡ ನಿಂತಿದೆ.

ದಾವಣಗೆರೆ ಬಿಟ್ಟು ಕಾಶಿಯ ಸೋನಾರ್‌ಪುರದ ಹಿಂದಿನ ಈ ಮನೆಗೆ ಬಂದ ಮೇಲೆ ನನಗೆ ಅಂಟಿಕೊಂಡ ಚಟ ಕ್ಯಾಮೆರಾ. ಹೊಳೆಯ ಮೇಲಿನ ಹಕ್ಕಿಗಳ ಚಿತ್ರ ತೆಗೆಯುವುದಕ್ಕೆಂದು ಕೊಂಡಿದ್ದು. ಆದರೆ ನನ್ನ ಬಳಿ ಒಳ್ಳೆಯ ಕ್ಯಾಮೆರಾ ಇದೆಯೆಂಬ ಸುದ್ದಿ ಇಲ್ಲಿರುವ ನಮ್ಮ ಕಡೆಯ ಮಠಕ್ಕೆ ತಲುಪಿದ ಮೇಲೆ ಹಕ್ಕಿಗಳಿಗಿಂತ ಭಕ್ತರ ಚಿತ್ರಗಳೇ ಹೆಚ್ಚಾದವು. ಈ ಮಠದಲ್ಲಿ ಒಂದು ಪದ್ಧತಿಯಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಿನಲ್ಲಿ ಒಂದು ಪುಟ್ಟ ಕಲ್ಲಿನ ಲಿಂಗವನ್ನು ತಂದು ಇಲ್ಲಿ ಇಟ್ಟುಹೋಗುತ್ತಾರೆ. ತಲೆಮಾರುಗಳಿಂದ ಹಾಗೆ ಇಟ್ಟ ಲಿಂಗಗಳು ಮಠದ ಅಂಗಳ, ಕಟ್ಟೆ, ಗೋಡೆಯ ಬುಡವನ್ನೆಲ್ಲ ತುಂಬಿಕೊಂಡಿವೆ. ಊರಿಂದ ಯಾರಾದರೂ ಲಿಂಗ ಇಡಲು ಬಂದರೆ ಮಠದ ವ್ಯವಸ್ಥಾಪಕರು ನನಗೆ ಫೋನ್ ಮಾಡುತ್ತಿದ್ದರು. ಕನ್ನಡ ಮಾತಾಡಲು ಸಿಕ್ಕುತ್ತದೆಂಬ ಆಸೆಗೆ ನಾನೂ ಹೋಗುತ್ತಿದ್ದೆ. ಮನೆಯಲ್ಲಿ ಮಗಳು ನನ್ನ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುವವಳು.

ಆ ಜನವರಿಯಲ್ಲಿ ಬಂದವರು ಹಾವೇರಿ ಕಡೆಯ ಅತ್ತೆ ಸೊಸೆ. ಅತ್ತೆಯ ಹೆಸರು ನೀಲಮ್ಮ, ಸೊಸೆ ಶೋಭಾ. ಲಿಂಗ ಇಡುವ ಮೊದಲು ನಿಮ್ಮನ್ನು ನೋಡಬೇಕಂತೆ ಎಂದು ವ್ಯವಸ್ಥಾಪಕರು ಮುನ್ನಾದಿನವೇ ಅವರನ್ನು ನಮ್ಮ ಮನೆಗೆ ಕಳಿಸಿದ್ದರು. ಚಹಾ ಕುಡಿಯುತ್ತ ಶೋಭಾ ನಿಧಾನವಾಗಿ ಎಲ್ಲ ಹೇಳಿದಳು. ನೀಲಮ್ಮನವರ ಮಗ, ಅವಳ ಗಂಡ ವೀರೇಶ, ಊರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಒಂದು ದಿನ ಮನೆಯಿಂದ ಹೊರಗೆ ಹೋದವನು ತಿರುಗಿ ಬರಲಿಲ್ಲ. ಕ್ಯಾಮೆರಾ, ಮೊಬೈಲು, ಚಪ್ಪಲಿ ಸಹ ಮನೆಯಲ್ಲೇ ಇದ್ದವು. ಪೊಲೀಸರಿಗೆ ಹೇಳಿದ್ದಾಯಿತು, ಶಾಸ್ತ್ರ ಕೇಳಿದ್ದಾಯಿತು, ಮುಂಬಯಿವರೆಗೆ ಹೋಗಿ ಹುಡುಕಿದ್ದಾಯಿತು. ವರ್ಷಗಳು ಕಳೆದವು. ಬದುಕಿದ್ದಾನೆ ಎನ್ನಲು ಗುರುತಿಲ್ಲ, ಇಲ್ಲ ಎನ್ನಲೂ ಆಧಾರವಿಲ್ಲ.

ಅಷ್ಟರಲ್ಲಿ ಶೋಭಾಳನ್ನು ಮದುವೆಯಾಗಲು ಒಬ್ಬರು ಮುಂದೆ ಬಂದಿದ್ದರು. ಶಾಲಾ ಮಾಸ್ತರು, ಹೆಂಡತಿ ತೀರಿಕೊಂಡವರು. ಅವರನ್ನು ಮನೆಗೆ ಕರೆಸಿ ಮಾತಾಡಿದವರು ಬೇರೆ ಯಾರೂ ಅಲ್ಲ, ಸ್ವತಃ ನೀಲಮ್ಮ. ಮನೆತನದ ಹಿರಿಯರು ಮಾತ್ರ ಒಪ್ಪಿರಲಿಲ್ಲ. ವೀರೇಶನ ಹೆಸರಿನಲ್ಲಿ ಕಾಶಿಯಲ್ಲಿ ಲಿಂಗ ಇಟ್ಟು, ಅದರ ಫೋಟೋ ತಂದು ತೋರಿಸಿದ ಮೇಲೆಯೇ ಮುಂದಿನ ಮಾತು ಎಂದಿದ್ದರಂತೆ. ತಾಯಿಯೇ ತನ್ನ ಕೈಯಾರೆ ಇಡಬೇಕು. ಮಗ ಸತ್ತನೆಂದು ತಾಯಿ ಒಪ್ಪಿಕೊಂಡ ಹಾಗೆ ಆಗಬೇಕಲ್ಲ, ಅದಕ್ಕೆ.

ನೀಲಮ್ಮ ಎದ್ದು ಹೋಗುವ ಮುಂಚೆ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ಬಿಚ್ಚಿ ನನ್ನ ಕೈಗಿಟ್ಟರು. ಕ್ಯಾಮೆರಾದ ಲೆನ್ಸು. ವೀರೇಶನದು. "ಇದರಾಗ ತಗೀರಿ ಅವ್ವಾ ಫೋಟೋ. ಆಮ್ಯಾಗ ನೀವ ಇಟ್ಕೊರಿ. ಗಂಗಿಗೆ ಬಿಡಾಕ ಮನಸ್ ಬರವಲ್ದು," ಎಂದರು. ನನ್ನ ಕ್ಯಾಮೆರಾದ ಕಂಪನಿಯದೇ ಲೆನ್ಸು ಅದು, ಸರಿಯಾಗಿ ಕೂತಿತು. ಅವರು ಹೋದ ಮೇಲೆ ಮಹಡಿಯ ಮೇಲೆ ಹೋಗಿ ನೋಡಿದೆ. ಪಕ್ಕದ ಮನೆಯ ಪಾರಿವಾಳಗಳು, ತಂತಿಗೆ ಸಿಕ್ಕಿಕೊಂಡಿದ್ದ ಗಾಳಿಪಟ, ಒಣಹಾಕಿದ ಬಟ್ಟೆ, ಎಲ್ಲವನ್ನೂ ಚೊಕ್ಕವಾಗಿ ಹಿಡಿಯಿತು. ಇಷ್ಟು ವರ್ಷ ಗಂಟಿನಲ್ಲಿದ್ದ ವಸ್ತುವಿಗೆ ಬೂಷ್ಟು ಸಹ ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ದಟ್ಟ ಮಂಜು. ಘಾಟಿನಲ್ಲಿ ಎದುರಿನ ದೋಣಿಯೂ ಕಾಣುತ್ತಿರಲಿಲ್ಲ. ಅತ್ತೆ ಸೊಸೆ ಸ್ನಾನ ಮಾಡಿ ಮೇಲೆ ಬರುವಾಗ ಅದೇ ಲೆನ್ಸಿನಲ್ಲಿ ಅವರ ಚಿತ್ರ ತೆಗೆದೆ. ನೀಲಮ್ಮ ನೀರಿನಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಅದನ್ನೂ ತೆಗೆದೆ. ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಶುರುವಾದದ್ದು ಮಠದ ಒಳಗೆ. ಪೂಜೆಯ ಅಯ್ಯನವರು ಮಂತ್ರ ಮುಗಿಸಿ, ಭಸ್ಮ ಹಚ್ಚಿದ ಲಿಂಗವನ್ನು ನೀಲಮ್ಮನವರ ಅಂಗೈಯಲ್ಲಿಟ್ಟು, ಇಡಬೇಕಾದ ಜಾಗ ತೋರಿಸಿದರು. ನಾನು ಕ್ಯಾಮೆರಾ ಎತ್ತಿದೆ. ಪರದೆಯ ಮೇಲೆ ಒಂದು ಸೂಚನೆ ಬಂತು. ಕ್ಯಾಮೆರಾಗೂ ಲೆನ್ಸಿಗೂ ಸಂಪರ್ಕ ಸಿಗುತ್ತಿಲ್ಲ, ಲೆನ್ಸಿನ ಬಿಂದುಗಳನ್ನು ಒರೆಸಿ ಎಂದು. ಲೆನ್ಸಿನ ಹಿಂಬದಿಯಲ್ಲಿ ಚಿನ್ನದ ಬಣ್ಣದ ಸಣ್ಣ ಬಿಂದುಗಳ ಸಾಲೊಂದಿರುತ್ತದೆ. ಎಲ್ಲಿಗೆ ಕಣ್ಣು ನೆಡಬೇಕು, ಎಷ್ಟು ತೆರೆಯಬೇಕು ಎಂದು ಕ್ಯಾಮೆರಾ ಲೆನ್ಸಿಗೆ ಹೇಳುವುದು ಅವುಗಳ ಮೂಲಕ. ಅವುಗಳಿಗೆ ಸ್ವಲ್ಪ ಜಿಡ್ಡು ಹಿಡಿದರೂ ಈ ಗೋಳು. ಇದು ನನಗೆ ಹೊಸದಲ್ಲ. ಒಂದು ನಿಮಿಷ ಎಂದು ಕೈ ಸನ್ನೆ ಮಾಡಿ ಲೆನ್ಸು ಬಿಚ್ಚಿ, ಮೆದು ಬಟ್ಟೆಯಿಂದ ಒರೆಸಿ ಮತ್ತೆ ಹಾಕಿದೆ. ಅದೇ ಸೂಚನೆ.

ಬ್ಯಾಟರಿ ತೆಗೆದು ಹಾಕಿದೆ. ಇನ್ನೊಂದು ಬ್ಯಾಟರಿ ಹಾಕಿದೆ. ಕಾರ್ಡು ಬದಲಿಸಿದೆ. ಲೆನ್ಸನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿದೆ, ಕೆಲವೊಮ್ಮೆ ಒಳಗಿನ ತಂತಿ ಒಂದು ಕೋನದಲ್ಲಿ ಮಡಚಿಕೊಂಡು ಹೀಗಾಗುತ್ತದೆ. ಏನು ಮಾಡಿದರೂ ಅಷ್ಟೆ. ನನ್ನ ಸ್ವಂತ ಲೆನ್ಸು ಹಾಕಿದರೆ ಕ್ಯಾಮೆರಾ ಏನೂ ಆಗದ ಹಾಗೆ ನಡೆಯುತ್ತಿತ್ತು. ಹಾಗಾದರೆ ಕೆಟ್ಟಿರುವುದು ವೀರೇಶನ ಲೆನ್ಸೇ ಎಂದುಕೊಂಡು ಅದನ್ನು ಹಾಕಿಕೊಂಡು ಬಾಗಿಲಿನಾಚೆ ಅಂಗಳಕ್ಕೆ ಹೋದೆ. ಅಲ್ಲಿ ನಡೆಯಿತು! ಒಳಗೆ ಬಂದು ನೀಲಮ್ಮನವರ ಕೈಯತ್ತ ಹಿಡಿದೆ, ನಿಂತಿತು. ಅದೇ ಜಾಗದಲ್ಲಿ ನಿಂತು ಛಾವಣಿಯತ್ತ ಹಿಡಿದೆ, ನಡೆಯಿತು. ಕೈಯತ್ತ ತಂದೆ, ನಿಂತಿತು. ಹೊರಗಿನ ಥಂಡಿಯಿಂದ ದೀಪಗಳ ಕಾವಿಗೆ ಬಂದದ್ದರಿಂದ ಒಳಗೆ ತೇವ ಕೂತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತೇವಕ್ಕೆ ಛಾವಣಿ ಯಾವುದು ಕೈ ಯಾವುದು ಎಂದು ಹೇಗೆ ತಿಳಿಯುತ್ತದೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಶೋಭಾ ತನ್ನ ಮೊಬೈಲು ತೆಗೆದಳು. ಅದರಲ್ಲಿ ಚಿತ್ರ ಬಂತು. "ಆತಲ್ರಿ ಅತ್ತಿ, ಇದರಾಗ ಬಂತು. ಇಡ್ರಿನ್ನ," ಎಂದಳು.

ನೀಲಮ್ಮ ಇಡಲಿಲ್ಲ. ಲಿಂಗವಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟರು. "ಮೊಬೈಲಿಗೇನ್ ಗೊತ್ತ, ತೋರಿಸಿದ್ದೆಲ್ಲಾ ತಗೀತೈತಿ. ಶೋಭಾ, ನಾ ಮುಂಜಾನಿ ನೀರಾಗ ನಿಂತು ಅವನ್ನ ಕೇಳೀನಿ. ಮಗನ, ಎಲ್ಲೆರ ಜೀವಂತ ಇದ್ರ ನನ್ನ ತಡೀಪಾ ಅಂದೀನಿ. ತಡದಾನ," ಎಂದರು. ಹಾಗೆ ಹೇಳುವಾಗ ಆಕೆಯ ಮುಖದಲ್ಲಿ ಬೆಳಕು ಹತ್ತಿದ್ದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಶೋಭಾಳ ಮುಖದಲ್ಲಿ ಅಷ್ಟೇ ಬೇಗ ಅದು ಆರಿಹೋಗಿತ್ತು.

ಅಯ್ಯನವರು ಸಮಾಧಾನ ಹೇಳಿದರು. "ಲಿಂಗ ಇಟ್ರ ಇದ್ದವರಿಗೆ ಕೇಡಾಗೂದಿಲ್ಲ ತಾಯಿ. ಸಂಶಯ ಬ್ಯಾಡ." ನೀಲಮ್ಮ ತಲೆ ಅಲ್ಲಾಡಿಸಿದರು. ನಾನು ಮತ್ತೆ ಬಿಂದುಗಳನ್ನು ಒರೆಸಿದೆ, ರಬ್ಬರಿನಿಂದ ಉಜ್ಜಿದೆ, ಬಾಯಿಂದ ಊದಿದೆ. ಪ್ರತಿ ಸಲ ಆ ಸೂಚನೆ ಬಂದಾಗ ತಾಯಿಗೆ ಮಗ ಇನ್ನಷ್ಟು ಬದುಕುತ್ತಿದ್ದ, ಸೊಸೆಯ ದಾರಿ ಇನ್ನಷ್ಟು ಮುಚ್ಚುತ್ತಿತ್ತು. ಇಷ್ಟು ದೂರ ಬಂದು ಹೀಗೆ ತಿರುಗಿ ಹೋದರೆ ಆ ಹುಡುಗಿಯ ಮದುವೆಯ ಮಾತು ಮತ್ತೆ ಯಾರು ಎತ್ತುತ್ತಾರೆ? ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ಯಂತ್ರವನ್ನು ಬೇಡಿಕೊಂಡೆ.

ಶೋಭಾ ಎದ್ದು ಬಂದು ಕೈ ಚಾಚಿದಳು. "ಕೊಡ್ರಿ ಅಕ್ಕಾರ ಇಲ್ಲಿ." ಸ್ಟುಡಿಯೋದಲ್ಲಿ ಗಂಡನ ಜೊತೆ ಕೆಲಸ ಮಾಡಿದವಳು, ಕ್ಯಾಮೆರಾ ಹಿಡಿಯುವುದು ಗೊತ್ತಿತ್ತು. ಕಣ್ಣಿಗೆ ಹಿಡಿದು ಗುಂಡಿ ಒತ್ತಿದಳು. ಅದೇ ಸೂಚನೆ. ಮತ್ತೊಮ್ಮೆ ಒತ್ತಿದಳು. ಆಮೇಲೆ ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸಿ, ನಗು ಎನ್ನಲಾಗದ ಒಂದು ನಗು ನಕ್ಕಳು.

"ನಾ ಕರದಾಗ ಒಂದ್ ದಿನಾನೂ ಓ ಅಂದವರಲ್ಲ ಬಿಡ್ರಿ ಅತ್ತಿ. ಇವತ್ತೇನ್ ಅಂತಾರ. ಅವರು ಇದ್ರ ಇರ್ಲಿ. ಎಲ್ಲಿದ್ರೂ ಚಂದಾಗಿರ್ಲಿ. ಸತ್ತಾರ ಅಂತ ನಾ ಇಡ್ರಿ ಅನ್ನವಲ್ಲೆ. ನನಗ ಸಾಕಾಗೇತಿ, ಅದಕ್ಕ ಇಡ್ರಿ."

ನೀಲಮ್ಮ ಸೊಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದೆಯಿಂದ ಕೈ ಬಿಡಿಸಿ, ಮುಂದೆ ಬಾಗಿ, ಲಿಂಗವನ್ನು ಇಟ್ಟರು. ಅದು ನೆಲಕ್ಕೆ ತಾಗಿದ ಕೂಡಲೇ ಶೋಭಾಳ ಕೈಯಲ್ಲಿ ಲೆನ್ಸಿನ ಒಳಗಿನ ಮೋಟಾರು ಸಣ್ಣಗೆ ಸದ್ದು ಮಾಡಿತು. ಅವಳ ಬೆರಳು ಗುಂಡಿಯ ಮೇಲಿರಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ಕ್ಯಾಮೆರಾದ ಪಟ್ಟಿ ಅವಳ ಮಣಿಕಟ್ಟಿನಲ್ಲಿತ್ತು, ಬೆರಳುಗಳು ಕೆಳಗಿದ್ದವು. ಪರದೆಯ ಮೇಲಿನ ಸೂಚನೆ ಹೋಗಿ ನೀಲಮ್ಮನವರ ಬೆರಳುಗಳು ಸ್ಪಷ್ಟವಾಗಿ ಮೂಡಿದವು. ಶೋಭಾ ಒಂದೇ ಒಂದು ಚಿತ್ರ ತೆಗೆದು ಕ್ಯಾಮೆರಾವನ್ನು ನನಗೆ ಕೊಟ್ಟು, ಅತ್ತೆಯ ಪಕ್ಕದಲ್ಲಿ ಕೂತು ಅತ್ತಳು.

ಆ ಚಿತ್ರದಲ್ಲಿ ಏನಾದರೂ ಇತ್ತೇ ಎಂದು ನೀವು ಕೇಳಬಹುದು. ಏನೂ ಇರಲಿಲ್ಲ. ಒಂದು ಮುದುಕಿಯ ಕೈ, ಭಸ್ಮ, ಕಲ್ಲು. ಮರುದಿನ ಲೆನ್ಸನ್ನು ಸೋನಾರ್‌ಪುರದ ರಿಪೇರಿ ಅಂಗಡಿಗೆ ಒಯ್ದೆ. "ಸರ್ದೀ ಹೈ ಮೇಡಂ, ನಮೀ ಆ ಗಯೀ ಹೋಗೀ," ಎಂದು ಅಂಗಡಿಯವರೂ ನನ್ನ ತೇವದ ಮಾತನ್ನೇ ಹೇಳಿದರು. ನನಗದು ಸಾಲಲಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ತಣ್ಣಗಿಟ್ಟು ಬಿಸಿಗೆ ತಂದೆ, ಬಿಸಿಯಲ್ಲಿಟ್ಟು ತಣ್ಣಗೆ ಮಾಡಿದೆ, ತೇವದಲ್ಲಿಟ್ಟೆ. ಒಮ್ಮೆಯೂ ಕೆಡಲಿಲ್ಲ. ಅಯ್ಯನವರ ಅನುಮತಿ ಪಡೆದು ಅದೇ ಜಾಗದಲ್ಲಿ ನಿಂತು ಅದೇ ಲಿಂಗದತ್ತ ಹಿಡಿದೆ. ಸರಾಗವಾಗಿ ನಡೆಯಿತು. ಸಂಪರ್ಕ ತಪ್ಪಿದ್ದಕ್ಕೆ ತೇವವೋ ಜಿಡ್ಡೋ ಯಾವುದೋ ಕಾರಣ ಇರಲೇಬೇಕು. ಆದರೆ ಆ ತೊಂದರೆ ಬಂದ ಹೊತ್ತು, ಹೋದ ಹೊತ್ತು?

ಫೋಟೋ ನೋಡಿ ಹಿರಿಯರು ಒಪ್ಪಿದರು. ಶೋಭಾಳ ಮದುವೆಯಾಯಿತು, ಈಗ ಮಡಿಲಲ್ಲಿ ಒಂದು ಹೆಣ್ಣು ಕೂಸಿದೆ. ಅವಳು ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಲೆನ್ಸಿನ ಮಾತು ಒಮ್ಮೆಯೂ ಎತ್ತಿಲ್ಲ. ನೀಲಮ್ಮ ಮಾತ್ರ ಸೋಮವಾರ ಬಂತೆಂದರೆ ಮಾಡುತ್ತಾರೆ, ಅದನ್ನೊಂದನ್ನೇ ಕೇಳುತ್ತಾರೆ.

"ಲೆನ್ಸ್ ನಡೀತೈತೇನವ್ವಾ?"

"ನಡೀತಿದೆ ಅಮ್ಮ."

"ನಡೀಲಿ," ಎಂದು ಇಟ್ಟುಬಿಡುತ್ತಾರೆ.

ನಡೆಯುತ್ತಿದೆ ಎಂಬ ಮಾತಿನಿಂದ ಆಕೆ ಏನು ತಿಳಿದುಕೊಳ್ಳುತ್ತಾರೋ, ಮಗ ಶಾಂತಿಯಿಂದ ಹೋದ ಎಂದೋ, ಎಲ್ಲೋ ಉಸಿರಾಡುತ್ತಿದ್ದಾನೆ ಎಂದೋ, ಕೇಳುವ ಧೈರ್ಯ ನನಗಿಲ್ಲ. ಸುಳ್ಳು ಹೇಳಬಾರದೆಂದು ಸೋಮವಾರ ಬೆಳಿಗ್ಗೆ ಆಕೆಯ ಫೋನ್ ಬರುವ ಮೊದಲೇ ಲೆನ್ಸು ಹಾಕಿ ನೋಡುತ್ತೇನೆ. ಒಳಗಿನ ಮೋಟಾರಿನ ಸದ್ದು ಬರುವವರೆಗೆ ಉಸಿರು ಬಿಗಿಹಿಡಿದಿರುತ್ತೇನೆ. ಶೋಭಾಳ ಸಲುವಾಗಿ ಆ ಸದ್ದು ಬರಲಿ ಎಂದೋ, ತಾಯಿಯ ಸಲುವಾಗಿ ಬಾರದಿರಲಿ ಎಂದೋ, ಅದು ನನಗೇ ಗೊತ್ತಿಲ್ಲ.